ಮುಂದೆ ಹೋಗದ ಸೈಕಲ್

ಕೇಳಬೇಕು ಅನ್ನಿಸಿದ್ದನ್ನು ಕೇಳದೆ ಬಿಟ್ಟರೆ ಮಾಹದೇಬೆಗೆ ಉಂಡದ್ದು ಅರಗುವುದಿಲ್ಲ. ಹದೇಬೆ ಮನೆತನದಲ್ಲಿ ಹುಟ್ಟಿದವಳಾದ್ದರಿಂದ, ತವರಿನ ಹೆಸರಿಗೆ 'ಮಾ' ಸೇರಿಸಿ ಕರೆಯುವ ನಮ್ಮ ರೂಢಿಯಂತೆ, ಮದುವೆಯಾದ ಮೇಲೆ ಮಾಹದೇಬೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಅದು ಕೆಲಸದ ರಿಜಿಸ್ಟರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಮನೆ ಬುಲವಾಯೊ ಪೇಟೆಯ ಪಡುವಣಕ್ಕೆ, ಮುಳ್ಳುಗಾಡಿನ ಆಚೆಯ ಮಾಜ್ವಿಯಲ್ಲಿ. ಕೆಲಸ ಪೇಟೆ ದಾಟಿ ಮೂಡಣ ತುದಿಯಲ್ಲಿರುವ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ. ನಡುವೆ ಇಪ್ಪತ್ನಾಲ್ಕು ಕಿಲೋಮೀಟರು. ಏಳು ಗಂಟೆಗೆ ನಲವತ್ತೊಂದು ಮುದುಕ ಮುದುಕಿಯರ ಮುಂದೆ ಬಿಸಿ ಗಂಜಿ ಇರಬೇಕು, ಮಾಜ್ವಿಗೆ ಮೊದಲ ವ್ಯಾನು ಬರುವುದೇ ಆರಕ್ಕೆ. ಅದನ್ನು ನಂಬಿ ಕೂತರೆ ಮುದುಕರು ಮಧ್ಯಾಹ್ನಕ್ಕೆ ಗಂಜಿ ಕುಡಿಯಬೇಕಾದೀತು. ಹಾಗಾಗಿ ಬೆಳಗಿನ ನಾಲ್ಕಕ್ಕೆಲ್ಲ ಅವಳು ಸೈಕಲ್ ಹತ್ತುತ್ತಿದ್ದಳು.

ಸೈಕಲ್ ಗಂಡನದು. ಅಡ್ಡಪಟ್ಟಿಯ ದೊಡ್ಡ ಕರಿ ಸೈಕಲ್, ಎತ್ತಿ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಒಂಬತ್ತು ವರ್ಷದ ಹಿಂದೆ ಅವನು ತೀರಿಕೊಂಡಾಗ ಮೈದುನ ಅದನ್ನು ಒಯ್ಯಲು ಬಂದಿದ್ದ. ಇವಳು ಲಂಗದ ಕೆಳಗೆ ಗಂಡನ ಪ್ಯಾಂಟೇ ಹಾಕಿಕೊಂಡು, ಮೈದುನನ ಕಣ್ಣೆದುರೇ ಅದನ್ನು ಹತ್ತಿ ಬಾವಿಯ ತನಕ ಹೋಗಿ ಬಂದಳು. ಎರಡು ಸಲ ಬಿದ್ದಳು, ಅದು ಬೇರೆ ಮಾತು. "ಗಂಡಸರ ಸೈಕಲ್ ಹೆಂಗಸು ಹತ್ತೋದಾ?" ಎಂದು ಊರು ಮೂಗಿನ ಮೇಲೆ ಬೆರಳಿಟ್ಟಾಗ, "ನಾನು ಹೆಂಗಸು ಅಂತ ಸೈಕಲ್ಲಿಗೆ ಹೇಳೋಕೆ ಹೋಗ್ಬೇಡಿ, ಅದಕ್ಕಿನ್ನೂ ಗೊತ್ತಿಲ್ಲ" ಅಂದಳು. ಈಗ ಅವಳಿಗೆ ಐವತ್ನಾಲ್ಕು.

ದಾರಿಯಲ್ಲಿ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಪ್ರತಿ ಸೋಮವಾರ ಒಬ್ಬ ಮನುಷ್ಯ ಕ್ಯಾರಿಯರಿಗೆ ಒಂದು ಮರದ ಬಾಗಿಲು ಕಟ್ಟಿಕೊಂಡು ಎದುರು ಬರುತ್ತಿದ್ದ. ನಾಲ್ಕನೆಯ ಸೋಮವಾರ ತಡೆಯಲಾರದೆ ಸೈಕಲ್ ತಿರುಗಿಸಿ, ಬಂದ ದಾರಿಯಲ್ಲೇ ಅವನ ಜೊತೆ ಒಂದು ಮೈಲಿ ಹೋಗಿ ಕೇಳಿದಳು: "ಅಣ್ಣಾ, ಬಾಗಿಲು ನಾಲ್ಕಾಯ್ತು, ಗೋಡೆ ಯಾವಾಗ?" ಅವನು ನಗುತ್ತಾ ಎಲ್ಲ ಹೇಳಿದ. ಅವತ್ತು ಗಂಜಿ ಸ್ವಲ್ಪ ಹಸಿಯಾಗಿತ್ತು, ಆದರೆ ಅವಳ ಹೊಟ್ಟೆ ತಣ್ಣಗಿತ್ತು. ಇಂಥವಳು ಒಂದು ಪ್ರಶ್ನೆಯನ್ನು ಮಾತ್ರ ಎಂಟು ತಿಂಗಳಿಂದ ಯಾರ ಹತ್ತಿರವೂ ಕೇಳಿರಲಿಲ್ಲ. ನನ್ನ ಮಗಳು ಎಲ್ಲಿದ್ದಾಳೆ?

ನೋಮಲಂಗಾ ಅವಳ ಒಬ್ಬಳೇ ಮಗಳು. ಹೋದ ಅಕ್ಟೋಬರಿನಲ್ಲಿ ಪೆಟ್ಟಿಗೆ ಹಿಡಿದು ಹೊರಟಳು. ನ್ಕಾಲಾ ಮನೆತನದ ಒಬ್ಬನ ಜೊತೆ ಪೇಟೆಯಲ್ಲಿ ಇರುತ್ತೇನೆ ಅಂದಳು. ಅವನು ಯಾರೋ, ಎಂಥವನೋ; ಹೆಣ್ಣು ಕೇಳಲು ನಡುವಿನವನನ್ನು ಕಳಿಸಿರಲಿಲ್ಲ, ಗೇಟಿನ ಹತ್ತಿರ ಒಮ್ಮೆ ಕೆಮ್ಮಿಯೂ ಹೋಗಿರಲಿಲ್ಲ. ಮಾಹದೇಬೆ ಸಿಟ್ಟಿನಲ್ಲಿ ಹೇಳಿಬಿಟ್ಟಳು: "ಹೋದ್ರೆ ಹೋಗು. ನನ್ನ ಪಾಲಿಗೆ ನೀನು ಸತ್ತೆ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ತಳು ಅಂದ ಮೇಲೆ ಎಲ್ಲಿದ್ದಾಳೆ ಎಂದು ಊರಿನವರನ್ನು ಕೇಳುವುದು ಹೇಗೆ? ನಾಚಿಕೆ ಅನ್ನುವುದು ಒಂದಿದೆಯಲ್ಲ. ಬಾಯಲ್ಲಿ ಕೇಳಲಿಲ್ಲ, ಆದರೆ ಪೇಟೆಯ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬ ಹುಡುಗಿಯ ನಡಿಗೆಯನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ನೋಮಲಂಗಾ ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಿದ್ದಳು. ಹಾಗೆ ನಡೆಯುವವರು ಬುಲವಾಯೊದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವಳೊಬ್ಬಳು ಬಿಟ್ಟು.

ತೊಂಬತ್ತನಾಲ್ಕರ ಜೂನ್ ತಿಂಗಳು, ನಮ್ಮಲ್ಲಿ ಅದು ಹಲ್ಲು ಕಟಕಟ ಅನ್ನುವ ಚಳಿಗಾಲ. ಮಾಜ್ವಿ ಬಿಟ್ಟರೆ ಐದು ಕಿಲೋಮೀಟರು ಮುಳ್ಳುಗಾಡು, ಮಣ್ಣು ದಾರಿ, ಒಂದು ಬತ್ತಿದ ಹಳ್ಳ. ಆಮೇಲೆ ಡಾಂಬರು, ಜನ, ಬೆಳಕು. ಆ ಐದು ಕಿಲೋಮೀಟರಿನಲ್ಲಿ ಒಂದು ದಿನ ಬೆನ್ನ ಹಿಂದೆ ಟಕ್, ಟಕ್ ಎಂದು ಸದ್ದಾಯಿತು. ಪೆಡಲು ಸುತ್ತಿದಾಗೊಮ್ಮೆ ಚೈನಿನ ಡಬ್ಬಿಗೆ ತಾಗುವ ಸೈಕಲ್. ಮಾಹದೇಬೆ ಎಡಕ್ಕೆ ಸರಿದು ದಾರಿ ಬಿಟ್ಟಳು. ಯಾವ ಗಂಡಸು ತಾನೇ ಹೆಂಗಸಿನ ಹಿಂದೆ ಸೈಕಲ್ ತುಳಿಯುತ್ತಾನೆ? ದಿನವೂ ಒಬ್ಬರಲ್ಲ ಒಬ್ಬರು "ಅಜ್ಜೀ, ನಿದ್ದೆ ಮಾಡ್ತಿದೀಯಾ?" ಅಂತ ಕಿಸಿದು ಮುಂದೆ ಹೋಗುವವರೇ. ಇವನು ಮುಂದೆ ಹೋಗಲಿಲ್ಲ. ಇವಳು ಜೋರಾಗಿ ತುಳಿದರೆ ಟಕ್ ಟಕ್ ಜೋರಾಯಿತು, ನಿಧಾನ ಮಾಡಿದರೆ ನಿಧಾನವಾಯಿತು. ಡಾಂಬರು ಬಂದದ್ದೇ ತಡ, ಸದ್ದು ಮಾಯ.

ಮರುದಿನವೂ ಅದೇ, ಮೂರನೆಯ ದಿನವೂ ಅದೇ. ಅವಳಿಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಮೇ ತಿಂಗಳಲ್ಲಿ ಇದೇ ದಾರಿಯಲ್ಲಿ ಒಬ್ಬ ಹೆಂಗಸನ್ನು ಸೈಕಲ್ಲಿನಿಂದ ಕೆಡವಿ ಇದ್ದದ್ದನ್ನೆಲ್ಲ ಕಿತ್ತುಕೊಂಡಿದ್ದರು. ನಾಲ್ಕನೆಯ ದಿನ ಅಡುಗೆಮನೆಯ ಮುದ್ದೆ ಕೋಲನ್ನು ತಂದು ಕ್ಯಾರಿಯರಿಗೆ ಕಟ್ಟಿಕೊಂಡಳು. ತೋಳುದ್ದದ ಕೋಲು, ನಲವತ್ತು ಜನರ ಮುದ್ದೆ ತಿರುವುವಂಥದ್ದು. ಐದನೆಯ ದಿನ ಅದನ್ನು ಕೈಗೆ ತೆಗೆದುಕೊಂಡು ನಡುದಾರಿಯಲ್ಲಿ ಇಳಿದು ತಿರುಗಿ ನಿಂತಳು.

"ಯಾವನೋ ಅವ್ನು? ಮುಂದೆ ಬಾರೋ ನೋಡೋಣ!"

ಐವತ್ತು ಹೆಜ್ಜೆ ಹಿಂದೆ ಅವನೂ ಇಳಿದ. ಉಣ್ಣೆಯ ಟೋಪಿ ಹುಬ್ಬಿನ ತನಕ ಎಳೆದುಕೊಂಡಿದ್ದು ಬೆಳದಿಂಗಳಲ್ಲಿ ಕಂಡಿತು. ಓಡಿ ಹೋಗಲಿಲ್ಲ. ದಾರಿಯಿಂದ ಕೆಳಗಿಳಿದು, ಪಕ್ಕದ ಜಾಲಿ ಮರದ ಕಡೆ ಮುಖ ಮಾಡಿ, ಆ ಮರವನ್ನು ಜನ್ಮದಲ್ಲಿ ಕಂಡೇ ಇಲ್ಲವೇನೋ ಎಂಬಂತೆ ನೋಡುತ್ತಾ ನಿಂತ.

ಅಲ್ಲಿಂದ ಭಯ ಹೋಗಿ ಇನ್ನೊಂದು ಶುರುವಾಯಿತು. ಕಳ್ಳನಾಗಿದ್ದರೆ ಮೂರನೆಯ ದಿನಕ್ಕೇ ಕೈ ಹಾಕಿರಬೇಕಿತ್ತು. ಕಳ್ಳರಿಗೇನು ಇಷ್ಟು ಪುರುಸೊತ್ತಾ? ಹುಚ್ಚನಾಗಿದ್ದರೆ ಇಷ್ಟು ಸರಿಯಾಗಿ ನಾಲ್ಕಕ್ಕೇ ಯಾಕೆ ಬರುತ್ತಾನೆ? ಮಾಜ್ವಿಯವನಾಗಿದ್ದರೆ ಅವಳಿಗೆ ಗೊತ್ತಿರದ ಸೈಕಲ್ ಮಾಜ್ವಿಯಲ್ಲಿ ಇಲ್ಲ. ಗಂಜಿ ತಿರುವುತ್ತಾ ಜೊತೆಯ ಅಡುಗೆಯವಳು ಮಾಮೋಯೋಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಐವತ್ನಾಲ್ಕಕ್ಕೆ ನಿಂಗೊಬ್ಬ ಗಿರಾಕಿ ಬಿದ್ದ ಕಣೇ! ಪುಣ್ಯವಂತೆ!"

"ಬಾಯ್ಮುಚ್ಚೇ. ಗಿರಾಕಿ ಆದ್ರೆ ಮುಖ ತೋರಿಸ್ತಿದ್ದ."

"ತೋರಿಸೋ ಹಂಗಿಲ್ವೇನೋ ಪಾಪ, ನೋಡಿದ್ರೆ ನೀನು ಓಡಿಹೋಗೋ ಹಂಗಿರ್ಬೇಕು."

ಮುಳ್ಳುಗಾಡು ಮುಗಿದು ಡಾಂಬರು ಶುರುವಾಗುವ ಕಡೆ ಫುಯಾನೆ ಎಂಬ ಮುದುಕ ಪಂಕ್ಚರ್ ಹಾಕುತ್ತಾನೆ. ಜಾಲಿ ಮುಳ್ಳೇ ಅವನ ಅನ್ನದಾತ. ಮೊದಲ ಸೈಕಲ್ ಬರುವ ಮುಂಚೆಯೇ ತಗಡಿನ ಡಬ್ಬದಲ್ಲಿ ಬೆಂಕಿ ಮಾಡಿಕೊಂಡು, ಮೊಪಾನೆ ಮರದ ಹುರಿದ ಹುಳ ಬಾಯಿಗೆ ಹಾಕಿಕೊಂಡು ಕೂತಿರುತ್ತಾನೆ. ಸುತ್ತಿನ ಹತ್ತೂರಿನ ಸೈಕಲ್ಲುಗಳ ಜಾತಕ ಅವನ ಹತ್ತಿರ ಇದೆ. ಮಾಹದೇಬೆ ಅವನ ಮುಂದೆ ಸೈಕಲ್ ನಿಲ್ಲಿಸಿದಳು.

"ಅಜ್ಜಾ, ಚೈನು ಡಬ್ಬಿಗೆ ತಾಗೋ ಸೈಕಲ್ ಯಾರ್ದು?"

"ಬೆಳಗಾಯ್ತಾ ತಾಯಿ? ಚೆನ್ನಾಗಿ ನಿದ್ದೆ ಮಾಡಿದ್ಯಾ? ಮನೇಲಿ ಎಲ್ಲಾ ಕ್ಷೇಮವಾ?" ನಮ್ಮಲ್ಲಿ ಯೋಗಕ್ಷೇಮ ಆಗದೆ ಪ್ರಶ್ನೆ ಕೇಳುವ ಹಾಗಿಲ್ಲ, ಫುಯಾನೆ ಅದರಲ್ಲಿ ಒಂದಕ್ಷರ ಬಿಡುವವನಲ್ಲ.

"ಎಲ್ಲಾ ಕ್ಷೇಮ, ನೀನು ಕ್ಷೇಮ, ನಿನ್ನ ಕೋಳಿ ಕ್ಷೇಮ. ಯಾರ್ದು ಹೇಳು."

ಮುದುಕ ಅಗಿಯುವುದನ್ನು ನಿಲ್ಲಿಸಿದ. ಬೆಂಕಿ ಕೆದಕಿದ. "ಆ ಪ್ರಶ್ನೆ ಬಿಟ್ಬಿಡು ತಾಯಿ. ನಾನು ಮಾತು ಕೊಟ್ಟಿದೀನಿ. ನಿಂಗೇನೂ ತೊಂದ್ರೆ ಇಲ್ಲ, ಅಷ್ಟು ಸಾಕು."

ಸಾಕಂತೆ! ಹಸಿದವರಿಗೆ ಅಡುಗೆ ವಾಸನೆ ತೋರಿಸಿ ಬಾಗಿಲು ಹಾಕಿದ ಹಾಗಾಯಿತು. ಮಾತು ಕೊಟ್ಟಿದ್ದಾನೆ ಅಂದರೆ ಹೇಳಬೇಕಾದ್ದು ಏನೋ ಇದೆ. ಅವತ್ತು ಇಡೀ ದಿನ ಮಾಹದೇಬೆ ಉಪ್ಪು ಹಾಕಿದ್ದಕ್ಕೇ ಮತ್ತೆ ಉಪ್ಪು ಹಾಕಿದಳು.

ಶುಕ್ರವಾರ ಅವಳು ಮೂರಕ್ಕೇ ಎದ್ದು ಹೊರಟಳು. ಹುಣ್ಣಿಮೆ ಕಳೆದು ಎರಡು ದಿನ, ಬೆಳದಿಂಗಳು ಹಾಲಿನ ಹಾಗಿತ್ತು. ಹಳ್ಳದ ದಂಡೆಯಲ್ಲಿ ಆಳೆತ್ತರದ ಒಂದು ಹುತ್ತ ಇದೆ. ಅದರ ಹಿಂದೆ ಸೈಕಲ್ ಮಲಗಿಸಿ, ಮುದ್ದೆ ಕೋಲು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮಾಜ್ವಿ ಕಡೆಯಿಂದ ಬರುವವನನ್ನು ಕಾಯುತ್ತಿದ್ದಳು. ಆದರೆ ಟಕ್ ಟಕ್ ಕೇಳಿದ್ದು ಪೇಟೆಯ ಕಡೆಯಿಂದ! ಸೈಕಲ್ ಅವಳನ್ನು ದಾಟಿ ಮಾಜ್ವಿಯ ಕಡೆಗೆ ಹೋಯಿತು. ಅಂದರೆ ಈ ಮನುಷ್ಯ ದಿನವೂ ಪೇಟೆಯಿಂದ ಇಷ್ಟು ದೂರ ಬಂದು, ಇಲ್ಲಿಂದ ನನ್ನ ಹಿಂದೆಯೇ ತಿರುಗಿ ಹೋಗುತ್ತಾನಾ? ಯಾವ ಸುಖಕ್ಕೆ? ಬಂದ ದಾರಿಗೆ ಸುಂಕವಿಲ್ಲ ಅಂತ ಜನ ಸುಮ್ಮನೆ ಹೀಗೆ ತಿರುಗುವುದುಂಟಾ?

ಅರ್ಧ ಗಂಟೆ ಕಳೆಯಿತು. ಚಳಿಗೆ ಬೆರಳು ಮರಗಟ್ಟಿದವು. ಕೊನೆಗೆ ಅವನು ವಾಪಸು ಬಂದ. ಸೈಕಲ್ ತುಳಿಯುತ್ತಿರಲಿಲ್ಲ, ತಳ್ಳುತ್ತಿದ್ದ. ಒಂದು ಕೈಯಲ್ಲಿ ಟಾರ್ಚು. ದಾರಿಯ ಎಡಗಡೆ ನೋಡುತ್ತಾನೆ, ಬಲಗಡೆ ನೋಡುತ್ತಾನೆ, ಪೊದೆಯ ಬುಡಕ್ಕೆ ಬೆಳಕು ಬಿಡುತ್ತಾನೆ. ಹಳ್ಳದ ಹತ್ತಿರ ಸೈಕಲ್ ಒರಗಿಸಿ, ಬಗ್ಗಿ, ಮರಳಿನ ಮೇಲೆ ಟಾರ್ಚು ಆಡಿಸಿದ. "ಯಾರಾದ್ರೂ ಬಿದ್ದಿದೀರಾ?" ಅಂದ. "ಯಾರಾದ್ರೂ ಇದೀರಾ?"

ಅಷ್ಟರಲ್ಲಿ ಮಾಹದೇಬೆ ಕೋಲು ಎತ್ತಿಕೊಂಡು ಹುತ್ತದ ಹಿಂದಿನಿಂದ ಹಾರಿದ್ದಳು. "ನಾನಿದೀನಿ ಕಣೋ! ಹೇಳು, ಯಾರು ನೀನು?"

ಅವನು ಬೆಚ್ಚಿ ತಿರುಗಿದ. ಒಂದೇ ಒಂದು ಕ್ಷಣ ಮುಖ ಕಂಡಿತು. ಹುಡುಗು ಮುಖ, ಗಡ್ಡ ಸರಿಯಾಗಿ ಬಂದಿಲ್ಲ. ಮರುಕ್ಷಣ ಅವನು ಕೋಟನ್ನು ತಲೆಯ ಮೇಲೆ ಎಳೆದುಕೊಂಡು, ದಾರಿ ಬಿಟ್ಟು, ಭುಜ ಅಡ್ಡ ಕೊಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ. ಹೊಡೆದರೆ ಹೊಡೆಸಿಕೊಳ್ಳುವ ಹಾಗೆ. ಇವಳು ಇನ್ನೆರಡು ಹೆಜ್ಜೆ ಮುಂದೆ ಬಂದಾಗ ಸೈಕಲ್ ಹಿಡಿದುಕೊಂಡು, ಮುಖ ಅತ್ತ ತಿರುಗಿಸಿಯೇ, ಏಡಿಯ ಹಾಗೆ ಅಡ್ಡಡ್ಡ ಜಾಲಿ ಪೊದೆಯೊಳಗೆ ನುಗ್ಗಿದ.

"ನಿಲ್ಲೋ! ನಿಲ್ಲು ಅಂದ್ರೆ!" ಮಾಹದೇಬೆ ಅಟ್ಟಿಸಿಕೊಂಡು ಹೋದಳು. ಲಂಗ ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಹತ್ತು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಕಾಲು ತಾನಾಗಿಯೇ ನಿಂತಿತು.

ಹೀಗೆ ದಾರಿ ಬಿಟ್ಟು ಇಳಿಯುವುದು, ಹೀಗೆ ಭುಜ ಅಡ್ಡ ಕೊಡುವುದು, ಹೀಗೆ ತಲೆ ಮೇಲೆ ಕೋಟು ಎಳೆದುಕೊಳ್ಳುವುದು, ಇದನ್ನು ಅವಳು ಕಂಡಿದ್ದಳು. ಅವಳ ಗಂಡ ಇಪ್ಪತ್ತು ವರ್ಷ ಹೀಗೇ ಮಾಡಿದ್ದ. ಅವಳ ಅಮ್ಮ ಎದುರು ಬಂದಾಗಲೆಲ್ಲ. ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಎದುರು ನಿಂತು ಮಾತಾಡಬಾರದು, ದಾರಿಯಲ್ಲಿ ಅವಳನ್ನು ದಾಟಿ ಮುಂದೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಅತ್ತೆಯೂ ಅಳಿಯನನ್ನು ಕಂಡರೆ ಭುಜ ಮುಚ್ಚಿಕೊಂಡು ಪಕ್ಕಕ್ಕೆ ಸರಿಯಬೇಕು. ಪೇಟೆಯ ಹುಡುಗರು ಈಗ ಇದಕ್ಕೆಲ್ಲ ನಗುತ್ತಾರೆ, ಹಳ್ಳಿಯ ಅಜ್ಜಿಯರು ಸಾಕಿದವರು ನಗುವುದಿಲ್ಲ.

ಅಯ್ಯೋ ದೇವರೇ, ಅಳಿಯನ ಮೇಲೆ ಮುದ್ದೆ ಕೋಲು ಎತ್ತಿದೆನಲ್ಲ! ಅವಳು ಕೋಲನ್ನು ಕೆಳಗೆ ಹಾಕಿದಳು. ಸ್ವೆಟರಿನ ಮೇಲೆ ಹೊದ್ದಿದ್ದ ಟವೆಲನ್ನು ಎಳೆದು ಎರಡೂ ಭುಜ ಮುಚ್ಚಿಕೊಂಡಳು. ಪೊದೆಗೆ ಬೆನ್ನು ತಿರುಗಿಸಿ ನಿಂತಳು. ಎಂಟು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಇಪ್ಪತ್ತು ಹೆಜ್ಜೆ ಆಚೆ ಮುಳ್ಳಿನಲ್ಲಿ ಸಿಕ್ಕಿಕೊಂಡು ಕೂತಿದೆ, ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಪೊದೆಯೊಳಗಿಂದ ಉಸ್ಸ್ ಎಂದು ಗಾಳಿ ಹೋದ ಸದ್ದು ಕೇಳಿತು. ಒಂದು ಚಕ್ರ. ಆಮೇಲೆ ಇನ್ನೊಂದು.

ಮಾಹದೇಬೆ ಕೋಲು ಎತ್ತಿಕೊಂಡು ಸೈಕಲ್ ಹತ್ತಿದಳು. ಎರಡು ಚಕ್ರ ಪಂಕ್ಚರ್ ಆದವನು ಎಲ್ಲಿಗೆ ಬರುತ್ತಾನೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅವನು ನ್ಕಾಲಾ ಮನೆಯವನು ತಾನೇ?" ಫುಯಾನೆಯ ಬೆಂಕಿಯ ಮುಂದೆ ಇಳಿಯುತ್ತಲೇ ಕೇಳಿದಳು.

"ಬೆಳಗಾಯ್ತಾ ತಾಯಿ? ಚೆನ್ನಾಗಿ..."

"ಅಜ್ಜಾ!"

"ಮೆಲುಸಿ ನ್ಕಾಲಾ," ಎಂದ ಮುದುಕ, ಬಹಳ ದಿನ ಹೊತ್ತ ಮೂಟೆ ಇಳಿಸಿದವನ ಹಾಗೆ. "ಹೆಂಗೆ ಗೊತ್ತಾಯ್ತು?"

"ಕೋಲು ಎತ್ಕೊಂಡು ಅಟ್ಟಿಸ್ಕೊಂಡು ಹೋದೆ."

"ಅಳಿಯನ್ನ?"

"ಅಳಿಯ ಎಲ್ಲಿ ಬಂತು, ಇನ್ನೂ ಹೆಣ್ಣೇ ಕೇಳಿಲ್ಲ."

"ಅಳಿಯ ಅಲ್ಲ, ಮಗಳ ಗಂಡ," ಎಂದು ಫುಯಾನೆ ಕಿಸಕ್ಕನೆ ನಕ್ಕ. "ಊರು ಕೇಳಿದ್ರೆ ನಿನ್ನ ಮೇಲೆ ಹಾಡು ಕಟ್ಟತ್ತೆ."

ಇಪ್ಪತ್ತು ನಿಮಿಷಕ್ಕೆ ಮೆಲುಸಿ ಸೈಕಲ್ ತಳ್ಳಿಕೊಂಡು ಬಂದ. ಬೆಂಕಿಯ ಪಕ್ಕ ಟವೆಲು ಹೊದ್ದ ಆಕೃತಿಯನ್ನು ಕಂಡು ಹಿಂದಕ್ಕೆ ತಿರುಗಿದವನನ್ನು ಫುಯಾನೆ ಕೂಗಿ ನಿಲ್ಲಿಸಿದ. ಆಮೇಲೆ ಕೂರುವ ವ್ಯವಸ್ಥೆ ಆಯಿತು. ಮಾಹದೇಬೆ ಮೂಡಣಕ್ಕೆ ಮುಖ ಮಾಡಿ ಒಂದು ಕಲ್ಲಿನ ಮೇಲೆ. ಮೆಲುಸಿ ಪಡುವಣಕ್ಕೆ ಮುಖ ಮಾಡಿ ತಲೆಕೆಳಗಾದ ಸೈಕಲ್ಲಿನ ಆಚೆ. ನಡುವೆ ಫುಯಾನೆ, ಕೈಯಲ್ಲಿ ಟ್ಯೂಬು, ಮುಂದೆ ನೀರಿನ ಬೋಗುಣಿ. ಅತ್ತೆ ಅಳಿಯರ ನಡುವೆ ನಾಲ್ಕು ಮಾರು ದೂರವಿರಲಿಲ್ಲ.

"ಕೇಳು ಅವನನ್ನ," ಎಂದಳು ಮಾಹದೇಬೆ. "ನನ್ನ ಮಗಳು ಚೆನ್ನಾಗಿದಾಳಾ?"

"ಮಗಳು ಚೆನ್ನಾಗಿದಾಳಾ ಅಂತ ಕೇಳ್ತಿದಾರೆ," ಫುಯಾನೆ ಅತ್ತ ತಿರುಗಿ ಹೇಳಿದ.

"ಚೆನ್ನಾಗಿದಾಳೆ ತಾತ."

"ಚೆನ್ನಾಗಿದಾಳಂತೆ."

"ಕೇಳಿಸ್ತು. ಎಲ್ಲಿದಾಳೆ?"

"ಕೇಳಿಸಿದ್ರೂ ಕೇಳಿಸ್ದಂಗೆ ಇರ್ಬೇಕು ತಾಯಿ. ನನ್ನ ಕೆಲಸ ಕಿತ್ಕೋಬೇಡ." ಮುದುಕ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡಿದ. "ಎಲ್ಲಿದಾಳಪ್ಪಾ?"

"ಲುವೆವೆಯಲ್ಲಿ. ಒಂದು ರೂಮು ಮಾಡ್ಕೊಂಡಿದೀವಿ. ನಾನು ಇಟ್ಟಿಗೆ ಕಾರ್ಖಾನೇಲಿ ಇದೀನಿ."

"ಲುವೆವೆಯಲ್ಲಂತೆ. ಇಟ್ಟಿಗೆ ಕಾರ್ಖಾನೆಯಂತೆ. ಬಹಳ ಮರ್ಯಾದಸ್ಥ ಹುಡುಗ, ಕುಡಿಯೋದಿಲ್ವಂತೆ."

"ಅದು ನಾನು ಹೇಳಿಲ್ಲ ತಾತ."

"ನಾನು ಹೇಳ್ದೆ, ಸುಮ್ನಿರು."

ಲುವೆವೆ! ಪೇಟೆಯಂಚಿನ ಬಡಾವಣೆ, ಅಲ್ಲಿಂದ ಮಾಜ್ವಿಗೆ ಹನ್ನೆರಡು ಕಿಲೋಮೀಟರು. ಬಂದು, ತಿರುಗಿ ಹೋಗಿ, ಆಮೇಲೆ ಇಡೀ ದಿನ ಇಟ್ಟಿಗೆ ಹೊರುವುದು. ಮಾಹದೇಬೆಗೆ ಲೆಕ್ಕ ಕೂಡಲಿಲ್ಲ. "ದಿನಾ ನನ್ನ ಹಿಂದೆ ಯಾಕೆ ಬರ್ತಾನೆ ಅಂತ ಕೇಳು."

ಫುಯಾನೆ ಕೇಳಿದ. ಮೆಲುಸಿ ಕತ್ತಲೆಗೆ ಹೇಳಿದ: "ಮೇ ತಿಂಗಳಲ್ಲಿ ಇಲ್ಲಿ ಒಬ್ಬ ಹೆಂಗಸನ್ನ ಕೆಡವಿದ್ರಲ್ಲ, ಆ ಸುದ್ದಿ ನಮ್ಮ ಕಡೆಗೂ ಬಂತು. ಆವತ್ತಿಂದ ನೋಮಲಂಗಾ ನಾಲ್ಕಕ್ಕೆ ಎದ್ದು ಹಾಸಿಗೇಲಿ ಕೂತ್ಕೋತಾಳೆ. ಐದಾಗೋ ತನಕ ಮಲಗಲ್ಲ. ಈಗ ಅಮ್ಮ ಹಳ್ಳದ ಹತ್ರ ಇರ್ತಾಳೆ, ಈಗ ಏರು ಹತ್ತಿರ್ತಾಳೆ ಅಂತ ಲೆಕ್ಕ ಹಾಕ್ತಾಳೆ. ಬಸುರಿ ಹೆಂಗಸು, ನಿದ್ದೆಗೆಟ್ರೆ ಹೆಂಗೆ? ನಾನು ಹಿಂದೆ ಹೋಗ್ತೀನಿ, ನೀನು ಮಲಕ್ಕೋ ಅಂದೆ. ಈಗ ಮಲಗ್ತಾಳೆ."

ಫುಯಾನೆ ಈ ಸಲ ಏನೂ ಸೇರಿಸಲಿಲ್ಲ. ಮಾತನ್ನು ಆಚೆಯಿಂದ ಈಚೆಗೆ ದಾಟಿಸಲೂ ಇಲ್ಲ. ನೀರಿನಲ್ಲಿ ಗುಳ್ಳೆ ಏಳುತ್ತಿತ್ತು, ಅವನು ಅದನ್ನೇ ನೋಡುತ್ತಾ ಕೂತ.

"ಎಷ್ಟು ತಿಂಗಳು?" ಎಂದಳು ಮಾಹದೇಬೆ.

"ಏಳು."

"ಕೇಳು ಅವನನ್ನ, ಇಷ್ಟೆಲ್ಲ ಪದ್ಧತಿ ಗೊತ್ತಿರೋನು ಹೆಣ್ಣು ಕೇಳೋಕೆ ಯಾಕೆ ಯಾರನ್ನೂ ಕಳಿಸಲಿಲ್ಲ? ಚೊಚ್ಚಲು ತಾಯಿ ಮನೇಲಿ ಆಗ್ಬೇಕು ಅನ್ನೋದು ಗೊತ್ತಿಲ್ವಾ ಅವನಿಗೆ?"

ಮೆಲುಸಿ ಕೋಟಿನಿಂದ ಒಂದು ಮುಳ್ಳು ಕಿತ್ತು ಬಿಸಾಕಿದ. "ಅವಳು ಸತ್ತಳು ಅಂದಿದಾರಂತೆ ತಾತ. ಸತ್ತೋಳನ್ನ ಕೇಳೋಕೆ ಯಾರನ್ನ ಕಳಿಸ್ಲಿ? ಏನಂತ ಕಳಿಸ್ಲಿ?"

ಇದನ್ನೂ ಫುಯಾನೆ ದಾಟಿಸಲಿಲ್ಲ, ದಾಟಿಸುವ ಅಗತ್ಯವಿರಲಿಲ್ಲ. ಮಾಹದೇಬೆ ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಅವಳಿಗೆ ಅವನ ಮೇಲೆ ಸಿಟ್ಟು ಮಾಡಬೇಕು ಅನ್ನಿಸಿತು, ಸಿಟ್ಟು ಬರಲಿಲ್ಲ. ತನ್ನ ಮೇಲೆ ಬಂತು.

"ಅವಳಿಗೆ ನನ್ನ ಮೇಲೆ ಸಿಟ್ಟಿದೆಯಾ ಅಂತ ಕೇಳು ಅಜ್ಜಾ."

"ಅದನ್ನ ಅವಳ ಹತ್ರಾನೇ ಕೇಳ್ಬೇಕು," ಎಂದ ಮೆಲುಸಿ. "ನಾನು ಹೇಳೋ ಮಾತಲ್ಲ ಅದು."

ಫುಯಾನೆ ಟ್ಯೂಬಿಗೆ ತೇಪೆ ಒತ್ತಿ, ಕೈ ಒರೆಸಿಕೊಂಡು ಎದ್ದು ನಿಂತ. "ಇಬ್ರೂ ಕೇಳಿ. ಒಂದು ಗಂಟೆಯಿಂದ ಗಂಡಿನ ಮಾತು ಹೆಣ್ಣಿನ ಕಡೆಗೆ, ಹೆಣ್ಣಿನ ಕಡೆ ಮಾತು ಗಂಡಿಗೆ ಹೊತ್ತು ಹಾಕ್ತಿದೀನಿ. ನಡುವಿನವನು ಅಂದ್ರೆ ಇನ್ನೇನು, ಅವನಿಗೆ ಕೊಂಬಿರುತ್ತಾ? ಭಾನುವಾರ ನಾನೇ ಮಾಜ್ವಿಗೆ ಬರ್ತೀನಿ, ಗೇಟಲ್ಲಿ ನಿಂತು ಕೂಗ್ತೀನಿ. ತಾಯಿ, ನಿನ್ನ ಮೈದುನಂಗೆ ಹೇಳಿಡು. ನಾಯಿ ಕಟ್ಟಿಡು."

ಅವತ್ತು ಗಂಜಿ ಎಂಟೂಕಾಲಿಗೆ ಆಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಮುದುಕರು ಚಮಚದಿಂದ ತಟ್ಟೆ ಬಡಿದರು, ಮೇಲ್ವಿಚಾರಕಿ ಬೈದಳು, ಮಾಮೋಯೋ "ಗಿರಾಕಿ ಸಿಕ್ಕಿದ್ನಾ?" ಎಂದು ಕೇಳಿ ಇವಳ ಮುಖ ನೋಡಿ ತಾನೇ ಗಂಜಿ ಬಡಿಸಲು ಹೋದಳು. ಮೂರಕ್ಕೆ ಕೆಲಸ ಬಿಟ್ಟಿತು. ಮಾಹದೇಬೆ ಮನೆಯ ದಾರಿ ಹಿಡಿಯಲಿಲ್ಲ. ಲುವೆವೆ ರಸ್ತೆಯ ಪಕ್ಕದ ಸೈಕಲ್ ದಾರಿಯಲ್ಲಿ, ಕಾರ್ಖಾನೆ ಬಿಟ್ಟು ಬರುವ ನೂರಾರು ಸೈಕಲ್ಲುಗಳ ನಡುವೆ ತುಳಿಯುತ್ತಾ ಮಗಳಿಗೆ ಏನು ಹೇಳಬೇಕು ಎಂದು ಜೋಡಿಸಿಕೊಂಡಳು. ಮೊದಲು ತಪ್ಪಾಯಿತು ಅನ್ನಬೇಕು. ಬೇಡ, ಮೊದಲು ಬೈಯಬೇಕು, ಆಮೇಲೆ ತಪ್ಪಾಯಿತು ಅನ್ನಬೇಕು. ಅವಳು ಬಾಗಿಲು ಹಾಕಿಕೊಂಡರೆ? ಹಾಕಿಕೊಂಡರೆ ಹೊರಗೆ ನಿಲ್ಲುವುದು, ಇನ್ನೇನು.

ಮೆಲುಸಿ ಹೇಳಿದ ಗುರುತಿನ ಮನೆ ಸಿಕ್ಕಿತು. ಹೆಣ್ಣು ಕೇಳುವ ಶಾಸ್ತ್ರ ಆಗದೆ ಅಳಿಯನ ಹೊಸ್ತಿಲು ತುಳಿಯುವ ಹಾಗಿಲ್ಲ. ಬೇಲಿಯ ಹೊರಗೆ ನಿಂತು ಬೆಲ್ ಹೊಡೆದಳು.

ನೋಮಲಂಗಾ ಒದ್ದೆ ಕೈ ಒರೆಸಿಕೊಳ್ಳುತ್ತಾ ಹಿತ್ತಿಲಿನಿಂದ ಬಂದಳು. ಎಡಗಾಲು ಸ್ವಲ್ಪ ಹೊರಗೆ, ಹೊಟ್ಟೆ ಮುಂದೆ. ಬೇಲಿಯ ತನಕ ಬಂದು ನಿಂತಳು. ಮೆಲುಸಿ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಬೆಳಗಿನ ಸಂಗತಿ ಯಾವುದೂ ಅವಳಿಗೆ ಗೊತ್ತಿರಲಿಲ್ಲ. ತಾಯಿಯ ಮುಖ ನೋಡಿದಳು, ಹರಿದ ಲಂಗ ನೋಡಿದಳು, ಆಮೇಲೆ ಕಾಲು ನೋಡಿದಳು.

"ಮಂಡಿ ಹೆಂಗಿದೆ?" ಎಂದಳು. "ಹಳ್ಳದ ಏರಲ್ಲಿ ಇಳಿದು ತಳ್ತೀಯಂತೆ. ಬುಧವಾರ ಎರಡು ಸಲ ನಿಂತ್ಯಂತೆ."

ಮಂಡಿ ನೋವನ್ನು ಮಾಹದೇಬೆ ಯಾರಿಗೂ ಹೇಳಿರಲಿಲ್ಲ. ಮಾಮೋಯೋಗೂ ಇಲ್ಲ.

"ಮಂಗಳವಾರ ಯಾಕೆ ಸ್ವೆಟರ್ ಹಾಕ್ಕೊಂಡಿರ್ಲಿಲ್ಲ? ಅಷ್ಟು ಚಳೀಲಿ? ನಾನು ಕೇಳಿ ಕೇಳಿ ಅವನಿಗೆ ಸಾಕಾಗೋಗಿದೆ. ಊಟಕ್ಕೆ ಕೂತ್ರೆ ಮೊದಲು ನಿನ್ನ ಸುದ್ದಿ ಹೇಳ್ಬೇಕು, ಆಮೇಲೆ ಮುದ್ದೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎತ್ತ ಹೋಯಿತೋ. ಇವಳು ಎಂಟು ತಿಂಗಳಿಂದ ಊರಿನ ಹುಡುಗಿಯರ ಕಾಲು ನೋಡುತ್ತಿದ್ದಳು. ಅವಳು ದಿನವೂ ಇವಳ ಕಾಲಿನ ಸುದ್ದಿ ಕೇಳಿ ಮಲಗುತ್ತಿದ್ದಳು. ಮಾಹದೇಬೆ ಬೇಲಿಯ ಕಂಬ ಹಿಡಿದುಕೊಂಡಳು.

"ನನ್ನ ಮೇಲೆ ಸಿಟ್ಟಾ?" ಎಂದಳು.

"ಹೂಂ," ಎಂದಳು ನೋಮಲಂಗಾ. "ಇದೆ. ಸಿಟ್ಟಿದ್ರೆ ನಿದ್ದೆ ಬರ್ತದೆ ಅಂದ್ಕೊಂಡಿದ್ದೆ. ಬರ್ಲಿಲ್ಲ."

"ಆ ಮಾತು ಆಡಬಾರದಿತ್ತು ಕಣವ್ವಾ."

"ಸತ್ತೆ ಅಂದೆ." ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಅಪ್ಪ ಹೋದಾಗ ನೀನೇ ಹೇಳಿದ್ದೆಯಲ್ಲ, ಸತ್ತೋರು ಎಲ್ಲಿಗೂ ಹೋಗಲ್ಲ, ದಾರೀಲಿ ನಮ್ಮ ಹಿಂದೇನೇ ಬರ್ತಾರೆ, ಕಾಯ್ತಾರೆ ಅಂತ. ಸರಿ, ಸತ್ತ ಮೇಲೆ ನಾನೂ ಬರ್ಬೇಕಾಯ್ತು. ಈ ಹೊಟ್ಟೆ ಇಟ್ಕೊಂಡು ನಾನು ಸೈಕಲ್ ತುಳಿಯೋಕಾಗುತ್ತಾ? ಅದಕ್ಕೆ ಅವನು ಬಂದ."

ಮಾಹದೇಬೆ ಬೇಲಿಯ ಮೇಲಿನಿಂದ ಕೈ ಚಾಚಿ ಮಗಳ ಕತ್ತು ಹಿಡಿದು ಹತ್ತಿರ ಎಳೆದುಕೊಂಡಳು. ನಡುವೆ ತಂತಿ ಚುಚ್ಚುತ್ತಿತ್ತು. ಇಬ್ಬರೂ ಅತ್ತರು, ಮುಚ್ಚಿಡದೆ, ಬೀದಿಯ ಜನ ನೋಡುತ್ತಿದ್ದ ಹಾಗೆಯೇ. ಆಮೇಲೆ ನೋಮಲಂಗಾ ಹೊರಗೆ ಬಂದಳು. ಬೇಲಿಯ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ತಾಯಿ ಮಗಳು ಕೂತರು. ಕೋಲು ಎತ್ತಿದ ಕಥೆ ಕೇಳಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗಿಸಬೇಡ, ಒದೀತದೆ, ಅಂದಳು. ಭಾನುವಾರ ಫುಯಾನೆ ಬರುವುದು, ಆಮೇಲೆ ಅವಳು ಹೆರಿಗೆಗೆ ಮಾಜ್ವಿಗೆ ಬರುವುದು, ಎಲ್ಲ ಮಾತಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ತುದಿಯಲ್ಲಿ ಮೆಲುಸಿ ಕಾಣಿಸಿಕೊಂಡ. ತನ್ನ ಮನೆಯ ಮುಂದೆ ಅತ್ತೆ ಕೂತಿದ್ದನ್ನು ಕಂಡ, ತಟ್ಟನೆ ಹ್ಯಾಂಡಲ್ ತಿರುಗಿಸಿ ಪಕ್ಕದ ಬೀದಿಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೊಂದು ತುದಿಯಿಂದ ಬಂದ, ಮತ್ತೆ ತಿರುಗಿದ. ಮೂರನೆಯ ಸಲ ಎದುರು ಮನೆಯ ಗೋಡೆ ನೋಡುತ್ತಾ ಹಾದುಹೋಗುವಾಗ ಮಾಹದೇಬೆ ಟವೆಲು ಎಳೆದು ಭುಜ ಮುಚ್ಚಿಕೊಂಡಳು.

"ನಾನು ಹೋಗದೆ ಅವನು ಒಳಗೆ ಬರೋ ಹಂಗಿಲ್ಲ. ಪಾಪ, ಹಸಿದಿರ್ತಾನೆ. ಕತ್ತಲೆ ಬೇರೆ ಆಗ್ತಿದೆ," ಎಂದು ಎದ್ದು ಸೈಕಲ್ ಸ್ಟ್ಯಾಂಡ್ ತೆಗೆದಳು.

"ಕತ್ತಲಾದ್ರೆ ಏನು, ಹಿಂದೆ ಬರ್ತಾನಲ್ಲ." ನೋಮಲಂಗಾ ಎರಡೂ ಕೈಯಲ್ಲಿ ಕ್ಯಾರಿಯರ್ ಹಿಡಿದುಕೊಂಡಿದ್ದಳು. "ಇನ್ನೊಂದು ಸುತ್ತು ಸುತ್ತಲಿ ಬಿಡವ್ವಾ. ಕೂತ್ಕೋ."

ಮಾಹದೇಬೆ ಸೈಕಲ್ಲಿಗೆ ಮತ್ತೆ ಸ್ಟ್ಯಾಂಡ್ ಹಾಕಿದಳು.